ಬಾಯಿಯ ಫಂಗಸ್ ಮದ್ದಿಗೆ ಬಗ್ಗುತ್ತಿಲ್ಲವಾ? ಸುದ್ದಿ ಹೇಳುವುದು ಒಂದು, ಬಾಯಲ್ಲಿ ನಡೆಯುವುದು ಇನ್ನೊಂದು

2025ರ ಏಪ್ರಿಲ್ 1ರಂದು ವಿಶ್ವ ಆರೋಗ್ಯ ಸಂಸ್ಥೆ ಶಿಲೀಂಧ್ರ (ಫಂಗಸ್) ಸೋಂಕುಗಳ ಔಷಧಿ ಮತ್ತು ಪರೀಕ್ಷೆಗಳ ಬಗ್ಗೆ ತನ್ನ ಮೊದಲ ವರದಿಗಳನ್ನು ಹೊರತಂದಿತು. ಅದರಲ್ಲಿದ್ದ ಲೆಕ್ಕ ನೋಡಿದರೆ ಯಾರಿಗಾದರೂ ಗಾಬರಿ ಆಗುತ್ತದೆ. ಹಿಂದಿನ ಹತ್ತು ವರ್ಷದಲ್ಲಿ ಒಪ್ಪಿಗೆ ಸಿಕ್ಕ ಹೊಸ ಔಷಧಿಗಳು ಬರೀ 4. ಮನುಷ್ಯರ ಮೇಲೆ ಪ್ರಯೋಗ ನಡೆಯುತ್ತಿದ್ದದ್ದು 9. ಅವುಗಳಲ್ಲಿ ಕೊನೆಯ ಹಂತ ಮುಟ್ಟಿದ್ದು 3. ತೀರಾ ಅಪಾಯಕಾರಿ ಗುಂಪಿನ ಶಿಲೀಂಧ್ರಗಳು ಮೈಯೊಳಗೆ ನುಗ್ಗಿದರೆ ಸಾವಿನ ಪ್ರಮಾಣ ಶೇ. 88ರವರೆಗೂ ಹೋಗಬಹುದು ಎಂಬ ಮಾತೂ ಇತ್ತು. ಅದೇ ಹೇಳಿಕೆಯಲ್ಲಿ ಇನ್ನೊಂದು ಸಾಲಿತ್ತು: ಬಾಯಿಯಲ್ಲಿ ಬೆಳ್ಳಗೆ ಪದರ ಕಟ್ಟಿಸುವ ಕ್ಯಾಂಡಿಡಾದಂಥ ಸಾಮಾನ್ಯ ಸೋಂಕುಗಳೂ ಔಷಧಿಗೆ ಬಗ್ಗದಂತಾಗುತ್ತಿವೆ.

ಗೊಂದಲ ಹುಟ್ಟಿದ್ದು ಇಲ್ಲೇ. ಶೇ. 88ರ ಸಾವು ಒಂದು ಕಡೆ, ಮಗುವಿನ ನಾಲಿಗೆಯ ಬಿಳಿ ಪದರ ಇನ್ನೊಂದು ಕಡೆ. ಎರಡೂ ಒಂದೇ ಸುದ್ದಿಯಲ್ಲಿ ಬಂದರೆ ಓದಿದವರು ಏನು ಅಂದುಕೊಳ್ಳಬೇಕು? ಕೆಲವರು ಜೋರಾದ ಮಾತ್ರೆಯೇ ಬೇಕು ಎನ್ನುತ್ತಾರೆ. ಇನ್ನು ಕೆಲವರು ಮಾತ್ರೆಯೇ ಬೇಡ, ಮನೆಮದ್ದು ಸಾಕು ಎನ್ನುತ್ತಾರೆ. ಎರಡೂ ಅವಸರದ ತೀರ್ಮಾನ. ಬಾಯಿಯ ಫಂಗಸ್ ವಾಸಿಯಾಗದೆ ಉಳಿಯುವುದಕ್ಕೆ ಔಷಧ ಪ್ರತಿರೋಧ ಒಂದು ಕಾರಣ, ನಿಜ. ಆದರೆ ಅದು ಮೊದಲ ಕಾರಣ ಅಲ್ಲ.

ಒಂದೇ ಹೆಸರು, ಎರಡು ಬೇರೆ ಕಾಯಿಲೆ

2022ರ ಅಕ್ಟೋಬರ್‌ನಲ್ಲಿ ಇದೇ ಸಂಸ್ಥೆ 19 ಶಿಲೀಂಧ್ರಗಳ ಒಂದು ಪಟ್ಟಿ ಮಾಡಿತ್ತು. ಅತಿ ಹೆಚ್ಚು ಗಮನ ಬೇಕಾದ ಮೇಲಿನ ಗುಂಪಿನಲ್ಲಿ ನಾಲ್ಕು ಹೆಸರುಗಳಿವೆ: ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್, ಆಸ್ಪರ್ಜಿಲಸ್ ಫ್ಯೂಮಿಗೇಟಸ್, ಕ್ಯಾಂಡಿಡಾ ಆರಿಸ್, ಕ್ಯಾಂಡಿಡಾ ಆಲ್ಬಿಕನ್ಸ್. ಬಾಯಿಯ ಸೋಂಕಿಗೆ ಬಹುತೇಕ ಕಾರಣವಾಗುವುದು ಈ ಕೊನೆಯದು, ಆಲ್ಬಿಕನ್ಸ್.

ಹಾಗಾದರೆ ಬಾಯಿಯ ಸೋಂಕೂ ಅಷ್ಟೇ ಅಪಾಯಕಾರಿಯಾ? ಅಲ್ಲ. ಆ ಪಟ್ಟಿ ಮಾಡುವಾಗ ಮುಖ್ಯವಾಗಿ ನೋಡಿದ್ದು ರಕ್ತಕ್ಕೆ, ಶ್ವಾಸಕೋಶಕ್ಕೆ, ಮೆದುಳಿಗೆ ನುಗ್ಗುವ ಸೋಂಕನ್ನು. ಐಸಿಯುನಲ್ಲಿ ಇರುವವರು, ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರು, ಕೀಮೋಥೆರಪಿಯಿಂದ ಬಿಳಿ ರಕ್ತಕಣ ಕುಸಿದವರು ಇಂಥ ಸೋಂಕಿಗೆ ತುತ್ತಾಗುತ್ತಾರೆ. ಆಲ್ಬಿಕನ್ಸ್ ರಕ್ತಕ್ಕೆ ಇಳಿದರೆ ಅದು ಜೀವದ ಪ್ರಶ್ನೆ. ಕೆನ್ನೆಯ ಒಳಗೆ ಪದರ ಕಟ್ಟಿದರೆ ಅದು ಉರಿ, ರುಚಿಗೇಡು, ಊಟದ ಕಷ್ಟ. ಜೀವಿ ಒಂದೇ ಆದರೂ ಕಾಯಿಲೆ ಬೇರೆ, ಅಪಾಯದ ಅಳತೆ ಬೇರೆ.

ಸುದ್ದಿಗಳಲ್ಲಿ ಜಾಸ್ತಿ ಹೆದರಿಸುವ ಕ್ಯಾಂಡಿಡಾ ಆರಿಸ್‌ನ ಕಥೆಯೇ ಬೇರೆ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಲ್ಲಿ ಸಿಕ್ಕ ಮೇಲೆ ಅದಕ್ಕೆ ಹೆಸರಿಟ್ಟರು. ಅದು ಚರ್ಮದ ಮೇಲೆ, ಆಸ್ಪತ್ರೆಯ ಹಾಸಿಗೆ-ಸಲಕರಣೆಗಳ ಮೇಲೆ ಅಂಟಿಕೊಂಡು ಉಳಿಯುತ್ತದೆ, ಹಲವು ಔಷಧಿಗಳಿಗೆ ಬಗ್ಗುವುದಿಲ್ಲ. ಆದರೆ ಮನೆಯಲ್ಲಿ ಓಡಾಡಿಕೊಂಡಿರುವವರ ನಾಲಿಗೆ ಬೆಳ್ಳಗಾದರೆ ಅದು ಆರಿಸ್ ಇರಬಹುದೇ ಎಂದು ಹೆದರಬೇಕಾಗಿಲ್ಲ.

ಅದು ಮೊದಲಿನಿಂದಲೂ ಅಲ್ಲೇ ಇತ್ತು

ಆರೋಗ್ಯವಾಗಿರುವ ದೊಡ್ಡವರಲ್ಲಿ ಸುಮಾರು ಅರ್ಧದಷ್ಟು ಜನರ ಬಾಯಲ್ಲಿ ಕ್ಯಾಂಡಿಡಾ ಇದ್ದೇ ಇರುತ್ತದೆ. ಅವರಿಗೆ ಅದರ ಅರಿವೂ ಇರುವುದಿಲ್ಲ. ಹೊರಗಿನಿಂದ ಯಾವುದೋ ರೋಗಾಣು ಬಂತು, ಅದನ್ನು ಕೊಂದರೆ ಮುಗಿಯಿತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪೂರ್ತಿ ಕೊಲ್ಲಲು ಆಗುವುದಿಲ್ಲ, ಕೊಲ್ಲಬೇಕಾಗಿಯೂ ಇಲ್ಲ.

ಅದನ್ನು ಹದ್ದುಬಸ್ತಿನಲ್ಲಿ ಇಡುವುದು ಮೂರು ಸಂಗತಿಗಳು. ಒಂದು, ಜೊಲ್ಲು. ಅದು ಸದಾ ತೊಳೆಯುತ್ತದೆ, ಅದರಲ್ಲಿ ಶಿಲೀಂಧ್ರವನ್ನು ತಡೆಯುವ ಪ್ರೋಟೀನುಗಳೂ ಇವೆ. ಎರಡು, ಬಾಯಲ್ಲಿರುವ ಬ್ಯಾಕ್ಟೀರಿಯಾ. ಅವು ಜಾಗ ಮತ್ತು ಆಹಾರಕ್ಕೆ ಪೈಪೋಟಿ ಕೊಡುತ್ತವೆ. ಮೂರು, ದೇಹದ ರೋಗನಿರೋಧಕ ಶಕ್ತಿ, ಅದರಲ್ಲೂ ಒಂದು ಬಗೆಯ ಬಿಳಿ ರಕ್ತಕಣಗಳಾದ ಟಿ ಕಣಗಳು.

ಈ ಮೂರರಲ್ಲಿ ಒಂದು ಸಡಿಲವಾದರೂ ಸಾಕು. ಸುಮ್ಮನಿದ್ದ ಕ್ಯಾಂಡಿಡಾದ ಉರುಟು ಕಣಗಳು ಉದ್ದನೆಯ ಎಳೆ ಬಿಡುತ್ತವೆ, ಬಾಯಿಯ ಒಳಪದರಕ್ಕೆ ಇಳಿಯುತ್ತವೆ. ಆ್ಯಂಟಿಬಯೋಟಿಕ್ ತಗೊಂಡರೆ ಪೈಪೋಟಿ ಕೊಡುತ್ತಿದ್ದ ಬ್ಯಾಕ್ಟೀರಿಯಾ ಸಾಯುತ್ತವೆ, ಫಂಗಸ್‌ಗೆ ಜಾಗ ಸಿಗುತ್ತದೆ. ಅಲರ್ಜಿ, ಖಿನ್ನತೆ, ಮೂತ್ರಕೋಶದ ತೊಂದರೆಗೆ ಕೊಡುವ ಹಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ, ತೊಳೆಯುವ ಕೆಲಸ ನಿಲ್ಲುತ್ತದೆ. ಅಸ್ತಮಾದ ಸ್ಟೀರಾಯ್ಡ್ ಇನ್‌ಹೇಲರ್‌ನ ಔಷಧಿ ಸ್ವಲ್ಪ ಭಾಗ ಗಂಟಲು-ಅಂಗುಳದ ಮೇಲೆ ಕೂರುತ್ತದೆ, ಅಲ್ಲಿನ ಕಾವಲು ತಗ್ಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ಜೊಲ್ಲಿನಲ್ಲೂ ಸಕ್ಕರೆ ಏರುತ್ತದೆ, ಜೊತೆಗೆ ಬಿಳಿ ರಕ್ತಕಣಗಳ ಕೆಲಸವೂ ಮಂದವಾಗುತ್ತದೆ. ತಲೆ-ಕುತ್ತಿಗೆಗೆ ವಿಕಿರಣ ಕೊಟ್ಟರೆ ಜೊಲ್ಲಿನ ಗ್ರಂಥಿಯೇ ಸುಟ್ಟಂತಾಗುತ್ತದೆ. ಎಚ್‌ಐವಿಯಲ್ಲಿ ಟಿ ಕಣಗಳೇ ಖಾಲಿಯಾಗುತ್ತವೆ. ಕೂಸುಗಳಲ್ಲಿ ಆ ಕಾವಲು ಇನ್ನೂ ಬೆಳೆದಿರುವುದೇ ಇಲ್ಲ.

ಹಾಗಾಗಿ ವೈದ್ಯರ ಮುಂದೆ ಎರಡು ಪ್ರಶ್ನೆ ಇರುತ್ತವೆ. ಯಾವ ಔಷಧಿ ಎಂಬುದು ಎರಡನೆಯದು. ಈ ಬಾಯಲ್ಲಿ ಏನು ಬದಲಾಯಿತು ಎಂಬುದು ಮೊದಲನೆಯದು.

ಬೆಳ್ಳಗಿದ್ದದ್ದೆಲ್ಲ ಫಂಗಸ್ ಅಲ್ಲ, ಫಂಗಸ್ ಎಲ್ಲ ಬೆಳ್ಳಗಿರಲ್ಲ

ಎಲ್ಲರಿಗೂ ಗೊತ್ತಿರುವ ರೂಪ ಒಡೆದ ಹಾಲಿನಂಥ ಬಿಳಿ ತೇಪೆ. ಹತ್ತಿಬಟ್ಟೆಯಿಂದ ಒರೆಸಿದರೆ ಅದು ಕಿತ್ತು ಬರುತ್ತದೆ. ಕೆಳಗೆ ಕೆಂಪು ಚರ್ಮ ಕಾಣುತ್ತದೆ, ಕೆಲವೊಮ್ಮೆ ಚುಕ್ಕಿ ರಕ್ತ ಜಿನುಗುತ್ತದೆ. ಹಾಲು ಕುಡಿದ ಮಗುವಿನ ನಾಲಿಗೆಯ ಬಿಳುಪು ಒರೆಸಿದರೆ ಹಾಗೇ ಹೋಗುತ್ತದೆ, ಕೆಳಗೆ ಕೆಂಪು ಇರುವುದಿಲ್ಲ. ಜ್ವರ ಬಂದಾಗ, ಬಾಯಿ ಒಣಗಿದಾಗ ನಾಲಿಗೆಯ ಮೇಲೆ ಕಟ್ಟುವ ತೆಳು ಪದರವೂ ಫಂಗಸ್ ಅಲ್ಲ.

ಇನ್ನೊಂದು ರೂಪದಲ್ಲಿ ಬಿಳಿಯೇ ಇರುವುದಿಲ್ಲ. ನಾಲಿಗೆ ಅಥವಾ ಅಂಗುಳ ನುಣ್ಣಗೆ ಕೆಂಪಾಗುತ್ತದೆ, ಖಾರ ತಾಗಿದರೆ ಉರಿ. ಆ್ಯಂಟಿಬಯೋಟಿಕ್ ಮುಗಿಸಿದ ಮೇಲೆ ಬರುವ ಬಾಯುರಿ ಎಷ್ಟೋ ಸಲ ಇದೇ. ಬಿಳಿ ಕಾಣಲಿಲ್ಲ ಎಂದು ಇದನ್ನು ಬಾಯಿ ಹುಣ್ಣು ಅಂದುಕೊಂಡು ಸ್ಟೀರಾಯ್ಡ್ ಇರುವ ಮುಲಾಮು ಹಚ್ಚಿದರೆ ಫಂಗಸ್‌ಗೆ ಇನ್ನಷ್ಟು ಅನುಕೂಲ. ಬಾಯಿಯ ಎರಡೂ ಮೂಲೆ ಸೀಳಿ ಕೆಂಪಾಗುವುದರಲ್ಲೂ ಕ್ಯಾಂಡಿಡಾದ ಕೈವಾಡ ಇರಬಹುದು. ಅಲ್ಲಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವೂ ಸೇರಿಕೊಳ್ಳುತ್ತದೆ, ಕಬ್ಬಿಣ ಅಥವಾ ಬಿ12 ಕೊರತೆಯೂ ಹಿಂದೆ ಇರಬಹುದು.

ಒರೆಸಿದರೂ ಬಾರದ ಬಿಳಿ ಕಲೆ ಮಾತ್ರ ಬೇರೆಯದೇ ಎಚ್ಚರಿಕೆ ಬೇಡುತ್ತದೆ. ತಂಬಾಕು ಬಳಸುವವರ ಕೆನ್ನೆಯೊಳಗೆ, ತುಟಿಯ ಮೂಲೆಯ ಹಿಂದೆ ದಪ್ಪಗೆ ಅಂಟಿಕೊಂಡ ಬಿಳಿ ಹೊಪ್ಪಳೆ ದೀರ್ಘಕಾಲದ ಕ್ಯಾಂಡಿಡಾ ಇರಬಹುದು, ಲ್ಯೂಕೋಪ್ಲೇಕಿಯಾ ಎಂಬ, ಫಂಗಸ್ ಅಲ್ಲದ ಬಿಳಿ ಕಲೆಯೂ ಇರಬಹುದು. ಎರಡರಲ್ಲೂ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಇದೆ. ಇದಕ್ಕೆ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ತಿಂಗಳುಗಟ್ಟಲೆ ಜೆಲ್ ಹಚ್ಚುತ್ತಾ ಕೂತರೆ ಕಳೆದುಹೋಗುವುದು ಸಮಯ.

ಅಂದಹಾಗೆ ಇಂಟರ್‌ನೆಟ್‌ನಲ್ಲಿ ಓಡಾಡುವ ಒಂದು 'ಪರೀಕ್ಷೆ' ಇದೆ. ಬೆಳಗ್ಗೆ ಎದ್ದು ಲೋಟದ ನೀರಿಗೆ ಉಗುಳಿ, ಎಳೆ ಕೆಳಗೆ ಇಳಿದರೆ ಮೈತುಂಬ ಕ್ಯಾಂಡಿಡಾ ಇದೆಯಂತೆ. ರಾತ್ರಿಯೆಲ್ಲ ಗಟ್ಟಿಯಾದ ಜೊಲ್ಲು ನೀರಿನಲ್ಲಿ ಎಳೆಎಳೆಯಾಗಿ ಇಳಿಯದೆ ಇನ್ನೇನು ಮಾಡುತ್ತದೆ? ಅದರಿಂದ ಏನೂ ಗೊತ್ತಾಗುವುದಿಲ್ಲ.

ಔಷಧಿಗಳು ಯಾಕೆ ಇಷ್ಟು ಕಡಿಮೆ

ಬ್ಯಾಕ್ಟೀರಿಯಾ ನಮ್ಮ ಜೀವಕೋಶಕ್ಕಿಂತ ತೀರಾ ಬೇರೆ. ಅದನ್ನು ಕೊಂದು ನಮ್ಮನ್ನು ಉಳಿಸುವ ಔಷಧಿ ಹುಡುಕುವುದು ಅಷ್ಟು ಕಷ್ಟವಲ್ಲ. ಶಿಲೀಂಧ್ರದ ಜೀವಕೋಶ ಮಾತ್ರ ಒಳರಚನೆಯಲ್ಲಿ ನಮ್ಮದಕ್ಕೇ ಹತ್ತಿರ. ಅದಕ್ಕೆ ಕೊಟ್ಟ ವಿಷ ನಮಗೂ ತಾಗುತ್ತದೆ. ಸಿಕ್ಕಿರುವ ದೊಡ್ಡ ವ್ಯತ್ಯಾಸಗಳಲ್ಲಿ ಒಂದು ಹೊರಪೊರೆಯದು. ನಮ್ಮ ಪೊರೆಯಲ್ಲಿ ಕೊಲೆಸ್ಟರಾಲ್ ಇದೆ, ಶಿಲೀಂಧ್ರದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಬೇರೆ ಕೊಬ್ಬು ಇದೆ. ಬಾಯಿಗೆ ಬಳಸುವ ಔಷಧಿಗಳೆಲ್ಲ ಹೆಚ್ಚುಕಮ್ಮಿ ಇದೊಂದನ್ನೇ ಹಿಡಿದು ಹೊಡೆಯುತ್ತವೆ.

ನಿಸ್ಟಾಟಿನ್ ಆ ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಪೊರೆಯಲ್ಲಿ ತೂತು ಮಾಡುತ್ತದೆ. ಇದನ್ನು 1950ರಲ್ಲಿ ಕಂಡುಹಿಡಿದವರು ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಇಬ್ಬರೂ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ವಿಜ್ಞಾನಿಗಳು. ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಅದನ್ನು ಬೇರ್ಪಡಿಸಿದರು. ಮುಕ್ಕಾಲು ಶತಮಾನ ಕಳೆದರೂ ಅದು ಇನ್ನೂ ಬಳಕೆಯಲ್ಲಿದೆ, ಅದಕ್ಕೆ ಬಗ್ಗದ ಕ್ಯಾಂಡಿಡಾ ಇವತ್ತಿಗೂ ಅಪರೂಪ.

ಇನ್ನೊಂದು ಗುಂಪು ಅಜೋಲ್‌ಗಳು: ಕ್ಲೋಟ್ರಿಮಜೋಲ್, ಮೈಕೋನಜೋಲ್, ಫ್ಲುಕೋನಜೋಲ್. ಇವು ಎರ್ಗೊಸ್ಟೆರಾಲ್ ತಯಾರಾಗುವುದನ್ನೇ ತಡೆಯುತ್ತವೆ. ಅದಕ್ಕೆ ಬೇಕಾದ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಇಲ್ಲೇ ಒಂದು ದುರ್ಬಲ ಜಾಗ ಇದೆ. ಶಿಲೀಂಧ್ರ ಆ ಕಿಣ್ವದ ಆಕಾರವನ್ನು ಸ್ವಲ್ಪ ಬದಲಿಸಿಕೊಂಡರೆ ಔಷಧಿ ಹಿಡಿಯುವುದಿಲ್ಲ. ಒಳಗೆ ಬಂದ ಔಷಧಿಯನ್ನು ಹೊರದೂಡುವ ಪಂಪುಗಳನ್ನು ಜಾಸ್ತಿ ಮಾಡಿಕೊಂಡರೂ ಅಷ್ಟೇ. ಗುಂಪಿನ ಎಲ್ಲ ಔಷಧಿಗಳೂ ಒಂದೇ ಜಾಗಕ್ಕೆ ಹೊಡೆಯುವುದರಿಂದ, ಒಂದಕ್ಕೆ ಬಗ್ಗದ ಫಂಗಸ್ ಇನ್ನೊಂದಕ್ಕೂ ಬಗ್ಗದಿರಬಹುದು.

ಹಚ್ಚುವುದಾ, ನುಂಗುವುದಾ

ತಜ್ಞರಲ್ಲೇ ಅಭಿಪ್ರಾಯ ಭೇದ ಇರುವ ಮೊದಲ ವಿಷಯ ಇದು.

ಅಮೆರಿಕದ ಸಾಂಕ್ರಾಮಿಕ ರೋಗ ತಜ್ಞರ ಸಂಘದ 2016ರ ಮಾರ್ಗಸೂಚಿ ಹೀಗೆ ಹೇಳುತ್ತದೆ: ಸೋಂಕು ಸಣ್ಣದಿದ್ದರೆ ಬಾಯಲ್ಲೇ ಕೆಲಸ ಮಾಡುವ ಔಷಧಿ. ಅಂದರೆ ದಿನಕ್ಕೆ 5 ಸಲ ಚೀಪುವ 10 ಮಿಲಿಗ್ರಾಂ ಕ್ಲೋಟ್ರಿಮಜೋಲ್ ಗುಳಿಗೆ, ಇಲ್ಲವೇ ದಿನಕ್ಕೊಮ್ಮೆ ವಸಡಿಗೆ ಅಂಟಿಸುವ 50 ಮಿಲಿಗ್ರಾಂ ಮೈಕೋನಜೋಲ್. ಇವಿಲ್ಲದಿದ್ದರೆ ನಿಸ್ಟಾಟಿನ್. ಸೋಂಕು ಜೋರಾಗಿದ್ದರೆ ದಿನಕ್ಕೆ 100ರಿಂದ 200 ಮಿಲಿಗ್ರಾಂ ಫ್ಲುಕೋನಜೋಲ್ ನುಂಗುವುದು. ಎಲ್ಲದಕ್ಕೂ 7ರಿಂದ 14 ದಿನ. ಆದರೆ ಎಚ್‌ಐವಿ ಇರುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಕೊಟ್ಟ ಸಲಹೆಯಲ್ಲಿ ಫ್ಲುಕೋನಜೋಲೇ ಮೊದಲ ಆಯ್ಕೆ. ನಿಸ್ಟಾಟಿನ್, ಕ್ಲೋಟ್ರಿಮಜೋಲ್ ಎರಡನೇ ಸಾಲಿನಲ್ಲಿವೆ.

ಇದು ಒಂದಕ್ಕೊಂದು ವಿರುದ್ಧ ಎನಿಸುತ್ತದೆ ಅಲ್ವಾ? ನೋಡುತ್ತಿರುವ ರೋಗಿಗಳು ಬೇರೆ, ಅಷ್ಟೇ. ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಫಂಗಸ್ ಗಂಟಲು ದಾಟಿ ಅನ್ನನಾಳಕ್ಕೆ ಇಳಿದಿರಬಹುದು. ಬಾಯಲ್ಲಿ ಮುಕ್ಕಳಿಸಿದ ಔಷಧಿ ಅಲ್ಲಿಗೆ ಸಾಲುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ ಬಾಯಿಯ ಫಂಗಸ್ ಬಾರದಂತೆ ತಡೆಯಲು ಮಾಡಿದ ಪ್ರಯೋಗಗಳಲ್ಲೂ ರಕ್ತಕ್ಕೆ ಹೀರಿಕೊಳ್ಳುವ ಔಷಧಿಗಳೇ ಮೇಲುಗೈ ಪಡೆದವು.

ನುಂಗುವ ಮಾತ್ರೆಯ ಪರ ಇರುವವರ ವಾದದಲ್ಲಿ ಹುರುಳಿದೆ. ದಿನಕ್ಕೆ ಒಂದು ಮಾತ್ರೆ ಸುಲಭ. ನಿಸ್ಟಾಟಿನ್ ದಿನಕ್ಕೆ ನಾಲ್ಕು ಸಲ, ಅದೂ ಹೇಗೆ? 4ರಿಂದ 6 ಮಿಲಿಲೀಟರ್ ಬಾಯಿಗೆ ಹಾಕಿಕೊಂಡು, ಎರಡೂ ಕೆನ್ನೆಗೆ ಹರಡಿ, ಆದಷ್ಟು ಹೊತ್ತು ಇಟ್ಟುಕೊಂಡು ಆಮೇಲೆ ನುಂಗಬೇಕು. ನುಂಗಿದ ಮೇಲೆ ಕರುಳಿನಿಂದ ಅದು ರಕ್ತಕ್ಕೆ ಸೇರುವುದೇ ಇಲ್ಲ. ಹಾಗಾಗಿ ಅದರ ಕೆಲಸ ಏನಿದ್ದರೂ ಬಾಯಲ್ಲಿ ಇರುವಷ್ಟು ಹೊತ್ತು ಮಾತ್ರ. ಕೆಮ್ಮಿನ ಸಿರಪ್ ಥರ ಗುಟುಕ್ ಎಂದು ನುಂಗಿದರೆ ಔಷಧಿ ಫಂಗಸನ್ನು ಸರಿಯಾಗಿ ಮುಟ್ಟುವುದೇ ಇಲ್ಲ. ಅನೇಕರು ಹಾಗೇ ಮಾಡುತ್ತಾರೆ. ಆಮೇಲೆ 'ಔಷಧಿ ಕೆಲಸ ಮಾಡಲಿಲ್ಲ' ಎನ್ನುತ್ತಾರೆ.

ಹಚ್ಚುವ ಔಷಧಿಯ ಪರ ಇರುವವರ ವಾದವೂ ಗಟ್ಟಿಯೇ. ರಕ್ತಕ್ಕೆ ಸೇರದ ಔಷಧಿಗೆ ಬೇರೆ ಮಾತ್ರೆಗಳ ಜೊತೆ ಜಗಳ ಇಲ್ಲ. ಸಣ್ಣ ಸೋಂಕಿಗೆಲ್ಲ ಫ್ಲುಕೋನಜೋಲ್ ಕೊಡುತ್ತಾ ಹೋದರೆ ಕರುಳಲ್ಲಿ, ಚರ್ಮದ ಮೇಲೆ ಇರುವ ಕ್ಯಾಂಡಿಡಾಗಳಿಗೂ ಅದನ್ನು ಎದುರಿಸುವ ಪಾಠ ಸಿಗುತ್ತದೆ. ಬೇರೆ ಕಾಯಿಲೆ ಇಲ್ಲದವರ ಸಣ್ಣ ಸೋಂಕಿಗೆ ಮೊದಲು ಬಾಯಲ್ಲೇ ಕೆಲಸ ಮಾಡುವ ಔಷಧಿ, ಸರಿಯಾದ ರೀತಿಯಲ್ಲಿ, ಪೂರ್ತಿ ದಿನ. ಈ ಎರಡನೇ ವಾದವೇ ಸರಿ ಎನಿಸುತ್ತದೆ. ಆದರೆ ಇದಕ್ಕೆ ಒಂದು ಷರತ್ತಿದೆ: ಬಾಯಿ ತೀರಾ ಒಣಗಿದವರಿಗೆ ಚೀಪುವ ಗುಳಿಗೆ ಕರಗುವುದೇ ಇಲ್ಲ. ಅವರಿಗೆ ದ್ರವವೋ ಜೆಲ್ಲೋ ಬೇಕು. ಸಿಹಿ ಬೆರೆಸಿದ ನಿಸ್ಟಾಟಿನ್ ದ್ರವವನ್ನು ದೀರ್ಘಕಾಲ ಬಳಸಿದರೆ ಹಲ್ಲು ಹುಳುಕಾಗುವ ಭಯವೂ ಅವರಿಗೇ ಜಾಸ್ತಿ.

ಹಲ್ಲಿನ ಸೆಟ್: ಚಿಕಿತ್ಸೆ ಸೋಲುವುದನ್ನು ಹತ್ತಿರದಿಂದ ನೋಡಲು

ಮೇಲಿನ ಸೆಟ್ ತೆಗೆಸಿ ಅಂಗುಳ ನೋಡಿದರೆ ಕೆಲವರಲ್ಲಿ ಒಂದು ವಿಚಿತ್ರ ಕಾಣುತ್ತದೆ. ಸೆಟ್ ಎಲ್ಲಿಯವರೆಗೆ ಕೂತಿತ್ತೋ ಸರಿಯಾಗಿ ಅಲ್ಲಿಯವರೆಗೆ ಕೆಂಪು. ಅದರ ಅಂಚು ಮುಗಿದ ಕಡೆ ಚರ್ಮ ಮಾಮೂಲು. ಗೆರೆ ಎಳೆದ ಹಾಗೆ. ನೋವು ಇರುವುದಿಲ್ಲ, ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಕಾರಣ ಸರಳ. ಸೆಟ್ಟಿನ ಕೆಳಗೆ ಜೊಲ್ಲು ಹರಿಯುವುದಿಲ್ಲ. ರಾತ್ರಿಯೂ ಅದನ್ನು ಹಾಕಿಕೊಂಡೇ ಮಲಗಿದರೆ 24 ಗಂಟೆಯೂ ಆ ಜಾಗ ಮುಚ್ಚಿಯೇ ಇರುತ್ತದೆ. ಸೆಟ್ ಮಾಡಿರುವ ಅಕ್ರಿಲಿಕ್ ಕಣ್ಣಿಗೆ ನುಣ್ಣಗೆ ಕಂಡರೂ ಅದರಲ್ಲಿ ಸೂಕ್ಷ್ಮ ರಂಧ್ರಗಳಿವೆ. ಕ್ಯಾಂಡಿಡಾ ಅಲ್ಲಿ ಇಳಿದು, ಮೇಲೆ ಲೋಳೆಯ ಪದರ ಹೊದ್ದುಕೊಂಡು ಕೂರುತ್ತದೆ. ಈ ಪದರಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಒಂಟಿಯಾಗಿ ತೇಲುವ ಫಂಗಸನ್ನು ಕೊಲ್ಲುವಷ್ಟು ಔಷಧಿ ಈ ಪದರದೊಳಗೆ ಇರುವುದಕ್ಕೆ ಸಾಲುವುದಿಲ್ಲ.

ಈಗ ಇವರಿಗೆ ಫ್ಲುಕೋನಜೋಲ್ ಕೊಟ್ಟರೆ ಏನಾಗುತ್ತದೆ ನೋಡಿ. ಮಾತ್ರೆ ರಕ್ತದ ಮೂಲಕ ಅಂಗುಳಕ್ಕೆ ಬರುತ್ತದೆ, ಕೆಂಪು ಇಳಿಯುತ್ತದೆ. ಆದರೆ ಪ್ಲಾಸ್ಟಿಕ್ಕಿಗೆ ರಕ್ತನಾಳ ಎಲ್ಲಿದೆ? ಸೆಟ್ಟಿನಲ್ಲಿದ್ದದ್ದು ಅಲ್ಲೇ ಉಳಿಯುತ್ತದೆ. ಮಾತ್ರೆ ನಿಲ್ಲಿಸಿದ ಕೆಲವು ವಾರಗಳಲ್ಲಿ ಕೆಂಪು ಮತ್ತೆ ಬರುತ್ತದೆ. ಮತ್ತೆ ಮಾತ್ರೆ, ಮತ್ತೆ ಕೆಂಪು. ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ. ಹೊರಗಿನಿಂದ ನೋಡಿದವರಿಗೆ ಇದು ಔಷಧಿಗೆ ಬಗ್ಗದ ಫಂಗಸ್ ಥರವೇ ಕಾಣುತ್ತದೆ. ವಾಸ್ತವದಲ್ಲಿ ಫಂಗಸ್ ಔಷಧಿಗೆ ಬಗ್ಗುತ್ತಲೇ ಇತ್ತು, ಔಷಧಿ ಅದರ ಮನೆ ತಲುಪಿರಲಿಲ್ಲ. ಹೀಗೇ ಮಾತ್ರೆ ಮೇಲೆ ಮಾತ್ರೆ ಕೊಟ್ಟರೆ ಕೊನೆಗೊಂದು ದಿನ ನಿಜವಾದ ಪ್ರತಿರೋಧವೂ ಬರಬಹುದು ಎನ್ನುವುದು ಬೇರೆ ಮಾತು.

ಇಲ್ಲಿ ಚಿಕಿತ್ಸೆಯ ಮುಕ್ಕಾಲು ಪಾಲು ಸೆಟ್ಟಿಗೇ ಆಗಬೇಕು. ರಾತ್ರಿ ತೆಗೆದಿಡುವುದು, ದಿನಾ ಬ್ರಷ್‌ನಿಂದ ತಿಕ್ಕುವುದು, ದಂತವೈದ್ಯರು ಹೇಳಿದ ಸೋಂಕುನಾಶಕ ದ್ರವದಲ್ಲಿ ನೆನೆಸುವುದು. ಲೋಹದ ಭಾಗ ಇದ್ದರೆ ಕ್ಲೋರಿನ್ ಇರುವ ದ್ರವ ಬೇಡ, ಅದು ತುಕ್ಕು ಹಿಡಿಸುತ್ತದೆ. ಔಷಧಿ ಹಾಕಿಕೊಳ್ಳುವಾಗ ಸೆಟ್ ತೆಗೆದಿರಬೇಕು. ಸಡಿಲವಾಗಿ ಉಜ್ಜುತ್ತಿರುವ ಹಳೆಯ ಸೆಟ್ ಆದರೆ ಬದಲಿಸಬೇಕಾಗಬಹುದು. ಒಂದು ಸಣ್ಣ ಸಂಗತಿ ಇಲ್ಲಿ ಬಹಳ ಜನರಿಗೆ ತಪ್ಪಿಹೋಗುತ್ತದೆ: ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಮತ್ತು ನಿಸ್ಟಾಟಿನ್ ಸೇರಿದರೆ ಒಂದು ಇನ್ನೊಂದರ ಶಕ್ತಿ ಕುಂದಿಸುತ್ತದೆ. ಎರಡೂ ಬರೆದುಕೊಟ್ಟಿದ್ದರೆ ನಡುವೆ ಸಾಕಷ್ಟು ಅಂತರ ಇರಬೇಕು.

ಇನ್‌ಹೇಲರ್‌ನದೂ ಇದೇ ತರ್ಕ. ಇನ್‌ಹೇಲರ್ ಬಾಯಿಗೆ ಸಿಕ್ಕಿಸುವ ಕೊಳವೆಯಂಥ ಸ್ಪೇಸರ್ ಹಾಕಿ ಎಳೆದುಕೊಂಡರೆ ಔಷಧಿ ಅಂಗುಳದ ಮೇಲೆ ಕೂರುವುದು ಕಡಿಮೆಯಾಗುತ್ತದೆ. ಎಳೆದ ತಕ್ಷಣ ಮುಕ್ಕಳಿಸಿ ಉಗುಳಿದರೆ ಉಳಿದದ್ದೂ ಹೋಗುತ್ತದೆ. ಫಂಗಸ್‌ಗೆ ಹೆದರಿ ಇನ್‌ಹೇಲರನ್ನೇ ಬಿಟ್ಟರೆ ಮಾತ್ರ ಅಸ್ತಮಾ ಕೆರಳುತ್ತದೆ. ಅದು ಇದಕ್ಕಿಂತ ದೊಡ್ಡ ಅಪಾಯ.

ನಿಜವಾದ ಪ್ರತಿರೋಧ ಎಲ್ಲಿ ಹುಟ್ಟಿತು

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರ ವಿವರ ಬಂತು. ಆಮೇಲೆ ಏಡ್ಸ್ ಎಂದು ಹೆಸರಾದ ಕಾಯಿಲೆಯ ಮೊದಲ ವರದಿ ಅದು. ಅಪರೂಪದ ನ್ಯುಮೋನಿಯಾ ಆಗಿದ್ದ ಆ ಐವರಿಗೂ ಕ್ಯಾಂಡಿಡಾ ಸೋಂಕೂ ಇತ್ತು. ಎಚ್‌ಐವಿಯಲ್ಲಿ ಬಾಯಿಯ ಫಂಗಸ್ ಅಷ್ಟು ಸಾಮಾನ್ಯ.

1990ರಲ್ಲಿ ಅಮೆರಿಕದಲ್ಲಿ ಫ್ಲುಕೋನಜೋಲ್‌ಗೆ ಒಪ್ಪಿಗೆ ಸಿಕ್ಕಾಗ ಏಡ್ಸ್ ರೋಗಿಗಳಿಗೆ ದೊಡ್ಡ ನೆಮ್ಮದಿ ಆಯಿತು. ಊಟ ನುಂಗಲಾಗದೆ ಸೊರಗುತ್ತಿದ್ದವರು ಮಾತ್ರೆ ತಗೊಂಡು ಚೇತರಿಸಿಕೊಂಡರು. ಆದರೆ ಎಚ್‌ಐವಿಗೇ ಔಷಧಿ ಇಲ್ಲದಿದ್ದಾಗ ಕಾರಣ ಹಾಗೇ ಉಳಿದಿತ್ತು. ಫಂಗಸ್ ಮರಳಿ ಬರುತ್ತಿತ್ತು, ಮಾತ್ರೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ಕೆಲವೇ ವರ್ಷಗಳಲ್ಲಿ ಫ್ಲುಕೋನಜೋಲ್‌ಗೆ ಬಗ್ಗದ ಕ್ಯಾಂಡಿಡಾ ಬಾಯಲ್ಲಿ ಕಾಣಿಸಿಕೊಂಡಿತು. 1996ರ ಸುಮಾರಿಗೆ ಎಚ್‌ಐವಿಗೆ ಹಲವು ಔಷಧಿಗಳ ಜೋಡಿ ಚಿಕಿತ್ಸೆ ಬಂತು. ಟಿ ಕಣಗಳು ಏರಿದವು, ಬಾಯಿಯ ಫಂಗಸೇ ಕಡಿಮೆಯಾಯಿತು, ಅದರ ಜೊತೆ ಪ್ರತಿರೋಧದ ಸಮಸ್ಯೆಯೂ ಇಳಿಯಿತು. ಗಮನಿಸಿ, ಪರಿಸ್ಥಿತಿ ಬದಲಿಸಿದ್ದು ಹೊಸ ಫಂಗಸ್ ಔಷಧಿ ಅಲ್ಲ, ಮೂಲ ಕಾರಣಕ್ಕೆ ಸಿಕ್ಕ ಚಿಕಿತ್ಸೆ.

ಇವತ್ತಿನ ಚಿಂತೆ ಬೇರೆ ದಾರಿಯಲ್ಲಿ ಬರುತ್ತಿದೆ. ವಯಸ್ಸಾದವರು, ಸೆಟ್ ಹಾಕಿಕೊಳ್ಳುವವರು, ವಿಕಿರಣ ಚಿಕಿತ್ಸೆ ಆದವರ ಬಾಯಲ್ಲಿ ಆಲ್ಬಿಕನ್ಸ್ ಜೊತೆ ಗ್ಲಾಬ್ರಾಟಾ ಎಂಬ ಇನ್ನೊಂದು ಜಾತಿ ಸೇರಿಕೊಳ್ಳುತ್ತದೆ. ಅದಕ್ಕೆ ಫ್ಲುಕೋನಜೋಲ್ ಮಾಮೂಲು ಪ್ರಮಾಣದಲ್ಲಿ ಸರಿಯಾಗಿ ನಾಟುವುದಿಲ್ಲ. ಕ್ರೂಸಿ ಎಂಬ ಮತ್ತೊಂದಕ್ಕೆ ಹುಟ್ಟಿನಿಂದಲೇ ನಾಟುವುದಿಲ್ಲ. ಮೇಲಿಂದ ಮೇಲೆ ಫ್ಲುಕೋನಜೋಲ್ ಕೊಟ್ಟರೆ ಬಗ್ಗುವ ಆಲ್ಬಿಕನ್ಸ್ ಹೋಗಿ ಬಗ್ಗದ ಇವು ಉಳಿಯುತ್ತವೆ. ಬೇರೆ ಕಾಯಿಲೆ ಇಲ್ಲದವರ ಬಾಯಿಯ ಆಲ್ಬಿಕನ್ಸ್ ಮಾತ್ರ ಇವತ್ತಿಗೂ ಸಾಮಾನ್ಯವಾಗಿ ಫ್ಲುಕೋನಜೋಲ್‌ಗೆ ಬಗ್ಗುತ್ತದೆ.

ಎಲ್ಲರಿಗೂ ಲ್ಯಾಬ್ ಪರೀಕ್ಷೆ ಬೇಕಾ

ಔಷಧ ಪ್ರತಿರೋಧ ಇದೆ ಎಂದ ಮೇಲೆ ಮೊದಲೇ ಪರೀಕ್ಷೆ ಮಾಡಿಸಿ ಔಷಧಿ ಕೊಡಿ ಎಂಬ ವಾದ ಸಹಜ. ಬ್ಯಾಕ್ಟೀರಿಯಾದ ಸೋಂಕುಗಳಲ್ಲಿ ಅದು ಒಳ್ಳೆಯ ಅಭ್ಯಾಸವೇ. ಬಾಯಿಯ ಫಂಗಸ್‌ನಲ್ಲಿ ಒಂದು ತೊಡಕಿದೆ. ಆರೋಗ್ಯವಂತರಲ್ಲೂ ಅರ್ಧ ಜನರ ಬಾಯಲ್ಲಿ ಕ್ಯಾಂಡಿಡಾ ಇರುವಾಗ, ಹತ್ತಿಕಡ್ಡಿಯಿಂದ ಒರೆಸಿ ಬೆಳೆಸಿದರೆ ಅದು ಬೆಳೆದೇ ಬೆಳೆಯುತ್ತದೆ. ಬೆಳೆಯಿತು ಎಂದ ಮಾತ್ರಕ್ಕೆ ಕಾಯಿಲೆ ಇದೆ ಎಂದಾಗುವುದಿಲ್ಲ. ಎಲ್ಲರಿಗೂ ಪರೀಕ್ಷೆ ಮಾಡಿಸಿದರೆ ಬೇಡದವರಿಗೂ ಔಷಧಿ ಹೋಗುತ್ತದೆ.

ಅದಕ್ಕೇ ಮೊದಲ ಸಲ ನೋಡಿ, ಒರೆಸಿ, ಕೇಳಿ ತಿಳಿದು ಚಿಕಿತ್ಸೆ ಕೊಡುವ ಪದ್ಧತಿ ಉಳಿದುಕೊಂಡಿದೆ. ಯಾವ ಜಾತಿ, ಯಾವ ಔಷಧಿಗೆ ಬಗ್ಗುತ್ತದೆ ಎಂಬ ಪರೀಕ್ಷೆಗೆ ಅರ್ಥ ಬರುವುದು ಸರಿಯಾಗಿ ಚಿಕಿತ್ಸೆ ಮಾಡಿದರೂ ಹೋಗದಿದ್ದಾಗ, ಪದೇ ಪದೇ ಬಂದಾಗ, ರೋಗನಿರೋಧಕ ಶಕ್ತಿ ಕುಸಿದವರಲ್ಲಿ. ಅದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಆ್ಯಂಟಿಬಯೋಟಿಕ್ ಇಲ್ಲ, ಇನ್‌ಹೇಲರ್ ಇಲ್ಲ, ಸೆಟ್ ಇಲ್ಲ, ಆದರೂ ದೊಡ್ಡವರ ಬಾಯಲ್ಲಿ ಬಿಳಿ ಪದರ ಕಟ್ಟಿದೆ ಎಂದರೆ ರಕ್ತದ ಸಕ್ಕರೆ ಮತ್ತು ಎಚ್‌ಐವಿ ಎರಡನ್ನೂ ನೋಡಿಸಬೇಕು. ನುಂಗುವಾಗ ಎದೆಯ ಹಿಂದೆ ನೋವು ಬಂದರೆ ಕಾಯಬಾರದು. ಅದು ಅನ್ನನಾಳದ ಸೋಂಕಿನ ಲಕ್ಷಣ. ಅದಕ್ಕೆ ಹಚ್ಚುವ ಔಷಧಿ ಸಾಲುವುದಿಲ್ಲ, ಫ್ಲುಕೋನಜೋಲ್ 14ರಿಂದ 21 ದಿನ ಬೇಕಾಗುತ್ತದೆ.

ಯಾರು ಹುಷಾರಾಗಿರಬೇಕು

ಬಾಯಿಗೆ ಹಚ್ಚುವ ಜೆಲ್ ಅಲ್ವಾ, ಏನಾಗುತ್ತದೆ ಎಂದು ಸುಮ್ನೆ ಕೊಂಡು ಹಚ್ಚುವವರಿದ್ದಾರೆ. ಮೈಕೋನಜೋಲ್ ಜೆಲ್ ಬಾಯಿಯಿಂದಲೂ ಕರುಳಿನಿಂದಲೂ ಸ್ವಲ್ಪ ರಕ್ತಕ್ಕೆ ಸೇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರಲ್ಲಿ ಅದು ವಾರ್ಫರಿನ್ ಕರಗಿ ಹೋಗುವುದನ್ನು ತಡೆಯುತ್ತದೆ. ರಕ್ತ ಅತಿಯಾಗಿ ತೆಳುವಾಗಿ, ಮೂಗಿನಿಂದ, ಮೂತ್ರದಲ್ಲಿ, ಕೆಲವೊಮ್ಮೆ ಮೆದುಳಿನಲ್ಲಿ ರಕ್ತಸ್ರಾವ ಆದ ಪ್ರಕರಣಗಳಿವೆ. ಫ್ಲುಕೋನಜೋಲ್‌ಗೂ ಇದೇ ಗುಣ ಇದೆ. ಕೊಲೆಸ್ಟರಾಲ್‌ನ ಸಿಮ್ವಾಸ್ಟಾಟಿನ್ ಜೊತೆಗೂ ಅಜೋಲ್‌ಗಳಿಗೆ ಆಗಿಬರುವುದಿಲ್ಲ. ಇಂಥವರಿಗೆ ಸಾಮಾನ್ಯವಾಗಿ ನಿಸ್ಟಾಟಿನ್ ವಾಸಿ.

ಬಸುರಿಯರು ಹೆಚ್ಚಿನ ಪ್ರಮಾಣದ ಫ್ಲುಕೋನಜೋಲನ್ನು ಮೊದಲ ತಿಂಗಳುಗಳಲ್ಲಿ ದೀರ್ಘಕಾಲ ತಗೊಂಡರೆ ಮಗುವಿಗೆ ಅಂಗದೋಷ ಆಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಕರು 2011ರಲ್ಲೇ ಎಚ್ಚರಿಸಿದ್ದಾರೆ. ಕೂಸಿನ ಬಾಯಿಗೆ ಗಟ್ಟಿ ಜೆಲ್ ಒಟ್ಟಿಗೇ ಹಾಕಿದರೆ ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟುವ ಅಪಾಯ ಇದೆ. ನಾಲ್ಕು ತಿಂಗಳೊಳಗಿನ ಮಕ್ಕಳಿಗೆ ಮೈಕೋನಜೋಲ್ ಜೆಲ್ ಹಾಕುವುದೇ ಬೇಡ ಎನ್ನುವುದು ಇದಕ್ಕೇ. ಹಿಂದೆ ಬಹಳ ಬಳಕೆಯಲ್ಲಿದ್ದ ನೇರಳೆ ಬಣ್ಣದ ಜೆನ್ಷಿಯನ್ ವಯಲೆಟ್ ಫಂಗಸ್ ಕೊಲ್ಲುವುದು ನಿಜ. ಆದರೆ ಅದರಿಂದ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಎಂದು ಕೆನಡಾದ ಆರೋಗ್ಯ ಇಲಾಖೆ 2019ರಲ್ಲಿ ಎಚ್ಚರಿಕೆ ಕೊಟ್ಟಿತು.

ಮುಂದೆ ಏನಾಗಬಹುದು

ಹೊಸ ಔಷಧಿಗಳು ಬಂದರೂ ಅವು ಬಾಯಿಗೆ ಬೇಗ ಬರುವ ಸೂಚನೆ ಇಲ್ಲ. 2021ರಲ್ಲಿ ಒಪ್ಪಿಗೆ ಸಿಕ್ಕ ಐಬ್ರೆಕ್ಸಾಫಂಗರ್ಪ್ ಮಾತ್ರೆ ಯೋನಿಯ ಸೋಂಕಿಗೆ. 2023ರ ರೆಜಾಫಂಗಿನ್ ರಕ್ತನಾಳಕ್ಕೆ ಕೊಡುವಂಥದ್ದು, ರಕ್ತಕ್ಕೆ ಇಳಿದ ಕ್ಯಾಂಡಿಡಾಗೆ. ಔಷಧಿ ತಯಾರಿಸುವವರ ಗಮನ ಜೀವ ತೆಗೆಯುವ ಸೋಂಕುಗಳ ಕಡೆ ಇರುವುದು ಸಹಜ. ಅಂದರೆ ಇನ್ನೂ ಹಲವು ವರ್ಷ ಬಾಯಿಯ ಚಿಕಿತ್ಸೆ ನಡೆಯುವುದು 1950ರ ನಿಸ್ಟಾಟಿನ್ ಮತ್ತು 1990ರ ಫ್ಲುಕೋನಜೋಲ್ ಮೇಲೆಯೇ.

ಫ್ಲುಕೋನಜೋಲ್ ಕೈಕೊಟ್ಟವರಿಗೆ ಇವತ್ತು ಇರುವ ಮೆಟ್ಟಿಲುಗಳು ಹೀಗಿವೆ. ಮೊದಲು ಇಟ್ರಕೋನಜೋಲ್ ದ್ರವ, ಇಲ್ಲವೇ ಪೊಸಕೋನಜೋಲ್. ಇವೂ ಅಜೋಲ್‌ಗಳೇ, ಹಾಗಾಗಿ ಇವೂ ಸೋಲಬಹುದು. ಆಮೇಲೆ ಉಳಿಯುವುದು ಎಕೈನೊಕ್ಯಾಂಡಿನ್ ಗುಂಪು ಮತ್ತು ಆಂಫೊಟೆರಿಸಿನ್ ಬಿ. ಎರಡನ್ನೂ ಸಾಮಾನ್ಯವಾಗಿ ರಕ್ತನಾಳದ ಮೂಲಕ ಕೊಡುತ್ತಾರೆ. ಎರಡನೆಯದಕ್ಕೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಗುಣವಿದೆ, ಕೊಡುವಾಗ ರಕ್ತ ಪರೀಕ್ಷೆ ಮಾಡುತ್ತಲೇ ಇರಬೇಕು. ಮುಕ್ಕಳಿಸುವ ದ್ರವದಿಂದ ಹೋಗುತ್ತಿದ್ದ ಬಿಳಿ ಪದರಕ್ಕೆ ದಿನವೂ ಡ್ರಿಪ್ ಹಾಕಿಸಿಕೊಳ್ಳುವ ಸ್ಥಿತಿ ಇವತ್ತು ಬರುತ್ತಿರುವುದು ಕೆಲವೇ ಜನರಿಗೆ. ಅವರಲ್ಲಿ ಹೆಚ್ಚಿನವರು ರೋಗನಿರೋಧಕ ಶಕ್ತಿ ಕುಸಿದವರು, ಇಲ್ಲವೇ ವರ್ಷಗಳಿಂದ ಬಿಟ್ಟು ಬಿಟ್ಟು ಫ್ಲುಕೋನಜೋಲ್ ತಗೊಂಡವರು.